ಕಪ್ಪು ಮುಖಗಳ ಗುರುತು

ಮುಸುವಗಳ ಬೆನ್ನು ಹತ್ತಿ ಧಾರವಾಡಕ್ಕೆ ಬಂದಾಗ ನನ್ನ ಚೀಲದಲ್ಲಿದ್ದದ್ದು ಒಂದು ದುರ್ಬೀನು, ನಾಲ್ಕು ಪೆನ್ಸಿಲು ಮತ್ತು ಯುಕಿಮಾರು ಸುಗಿಯಾಮಾ ಅವರ 1965ರ ಪ್ರಬಂಧದ ಜೆರಾಕ್ಸ್ ಪ್ರತಿ. ಮೂವತ್ತೂ ತುಂಬದ ಆ ಜಪಾನಿ ಸಂಶೋಧಕರು 1961ರಲ್ಲಿ ಇದೇ ಊರಿಗೆ ಬಂದು, ಊರಿನ ಪಶ್ಚಿಮಕ್ಕಿರುವ ತೇಗದ ಕಾಡಿನಲ್ಲಿ ಮುಸುವಗಳ ಹಿಂದೆ ತಿರುಗಿದ್ದರು. ಅವರು ಕೂತ ಕಾಡಿನಲ್ಲೇ ನಾನೂ ಕೂರಬೇಕು ಎಂಬ ಹಂಬಲವೇ ನನ್ನನ್ನು ಇಲ್ಲಿಗೆ ಎಳೆದು ತಂದದ್ದು.

ಗುಂಪಿನ ಪ್ರತಿಯೊಂದು ಪ್ರಾಣಿಯನ್ನೂ ಬೇರೆಬೇರೆಯಾಗಿ ಗುರುತಿಸಬೇಕು ಎನ್ನುವುದು ಜಪಾನಿನವರು ತಮ್ಮ ನಾಡಿನ ಕೋತಿಗಳ ನಡುವೆ ಕೂತು ರೂಢಿಸಿಕೊಂಡ ಪದ್ಧತಿ. ಓದುವಾಗ ಸುಲಭವೆನಿಸಿತ್ತು. ಹಳಿಯಾಳ ರಸ್ತೆಯ ಬದಿಯಲ್ಲಿ ನಿಂತು ನೋಡಿದರೆ ಹತ್ತೊಂಬತ್ತು ಮುಸುವಗಳು, ಹತ್ತೊಂಬತ್ತು ಕಪ್ಪು ಮುಖಗಳು. ಇಡೀ ಗುಂಪಿಗೆ ಒಂದೇ ದೊಡ್ಡ ಗಂಡು. ಅದೊಂದನ್ನು ಮೊದಲ ದಿನವೇ ಗುರುತಿಸಿದೆ. ಉಳಿದವು ಮೂರು ವಾರ ಕಳೆದರೂ ಒಂದೇ ಥರ ಕಾಣುತ್ತಿದ್ದವು. ಬೆಳಿಗ್ಗೆ ಬರೆದ ಹೆಸರು ಸಂಜೆಗೆ ಬೇರೊಂದರ ಪಾಲಾಗುತ್ತಿತ್ತು.

ದಾರಿ ತೋರಿಸಿದವರು ಅಲ್ಲಿ ದನ ಮೇಯಿಸುತ್ತಿದ್ದ ಒಬ್ಬ ಕಾಕಾ. ನಾನು ದುರ್ಬೀನು ಇಳಿಸದೆ ಒದ್ದಾಡುವುದನ್ನು ನಾಲ್ಕು ದಿನ ನೋಡಿದವರು ಐದನೆಯ ದಿನ ಹತ್ತಿರ ಬಂದು, "ತಂಗೀ, ಮುಖ ಬಿಡು. ಅದು ಕೂರುವ ರೀತಿ ನೋಡು" ಎಂದರು. ತಮ್ಮ ಎಮ್ಮೆಗಳನ್ನು ಅವರು ಅರ್ಧ ಮೈಲಿ ದೂರದಿಂದ ನಡಿಗೆಯಲ್ಲೇ ಗುರುತಿಸುತ್ತಿದ್ದರು. ಅಂದಿನಿಂದ ನಾನೂ ಹಾಗೆಯೇ ನೋಡತೊಡಗಿದೆ. ಒಂದು ಹೆಣ್ಣು ಬಾಲವನ್ನು ಕೊಂಬೆಯ ಎಡಕ್ಕೇ ಇಳಿಬಿಡುತ್ತಿತ್ತು. ಇನ್ನೊಂದು ಮತ್ತಿಮರದ ಚಿಗುರನ್ನು ಕೀಳದೆ, ಟೊಂಗೆಯನ್ನೇ ಬಾಯಿಗೆ ಬಗ್ಗಿಸಿಕೊಳ್ಳುತ್ತಿತ್ತು. ಬಲಗಿವಿಯ ಅಂಚು ಹರಿದಿದ್ದ ಒಂದಕ್ಕೆ ಹರಕುಕಿವಿ ಎಂದೇ ಹೆಸರಿಟ್ಟೆ. ಹತ್ತೊಂಬತ್ತೂ ಕೈವಶವಾಗಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ನನ್ನ ಪ್ರಬಂಧಕ್ಕೆ ಬೇಕಾದ ಒಂದು ಅಂಕಿಯೂ ಸಿಗಲಿಲ್ಲ. ಕಾಡಿಗೆ ಬರುವ ಹೊಸಬರಿಗೆ ಈಗಲೂ ಅದನ್ನೇ ಹೇಳುತ್ತೇನೆ: ಅಂಕಿಗೆ ಅವಸರ ಬೇಡ.

1962ರಲ್ಲಿ ಸುಗಿಯಾಮಾ ಕಂಡದ್ದು ಯಾರೂ ನಿರೀಕ್ಷಿಸದ ಸಂಗತಿ. ಹೆಣ್ಣುಗಳಿಲ್ಲದ ಗಂಡುಗಳ ಗುಂಪೊಂದು ಬಂದು ಒಂದು ಸಂಸಾರದ ಒಡೆಯನನ್ನು ಓಡಿಸಿತು. ಬಂದವರಲ್ಲಿ ಒಂದು ಗಂಡು ಅಲ್ಲೇ ನೆಲೆನಿಂತು ಮರಿಗಳನ್ನು ಕಚ್ಚಿತು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಮತ್ತೆ ಬೆದೆಗೆ ಬಂದವು. ಅದಕ್ಕೆ ಸ್ವಲ್ಪ ಮೊದಲು ಮಧ್ಯಭಾರತದಲ್ಲಿ ಮುಸುವಗಳನ್ನು ನೋಡಿದ್ದ ಅಮೆರಿಕದ ಸಂಶೋಧಕಿ ಫಿಲಿಸ್ ಜೇ ಅವುಗಳ ಬಾಳು ಶಾಂತವಾದದ್ದು ಎಂದು ಬರೆದಿದ್ದರು. ಧಾರವಾಡದ ವರದಿಯನ್ನು ವಿಕೃತಿ ಎಂದು ತಳ್ಳಿಹಾಕಿದವರಿದ್ದರು. 1970ರ ದಶಕದಲ್ಲಿ ರಾಜಸ್ಥಾನದ ಅಬು ಬೆಟ್ಟದ ಮುಸುವಗಳನ್ನು ನೋಡಿದ ಅಮೆರಿಕದ ಸಂಶೋಧಕಿ ಸಾರಾ ಹರ್ಡಿ, ಮರಿಗಳನ್ನು ಕೊಂದರೆ ಹೊಸ ಗಂಡಿಗೆ ಬೇಗನೆ ತನ್ನದೇ ಮರಿ ಪಡೆಯುವ ಲಾಭವಿದೆ ಎಂದು ವಾದಿಸಿದ ಮೇಲೆ ಚರ್ಚೆಯ ದಿಕ್ಕೇ ಬದಲಾಯಿತು. ಸುಗಿಯಾಮಾ ಮಾಡಿದ ಒಂದು ಕೆಲಸವನ್ನು ಮಾತ್ರ ನಾನು ಒಪ್ಪಲಾರೆ. ಮುಂದೇನಾಗುತ್ತದೆ ಎಂದು ನೋಡಲು ಅವರು ಒಂದು ಗುಂಪಿನ ಗಂಡನ್ನು ಹಿಡಿದು ಬೇರೆ ಮಾಡಿದರು. ಅದರ ಫಲವನ್ನು ಅನುಭವಿಸಿದ್ದು ಮರಿಗಳು.

ನನ್ನ ಗುಂಪಿಗೂ ಆ ದಿನ ಬಂತು. ಮಿರುಗದ ಮಳೆ ಹಿಡಿದಿದ್ದ ಒಂದು ನಸುಕಿನಲ್ಲಿ, ದಿನವೂ ಕೇಳುತ್ತಿದ್ದ ಕೂಗಿನ ಬದಲು ಬೇರೊಂದು ಗಂಟಲಿನ ಕೂಗು ಕೇಳಿಸಿತು. ನಮ್ಮ ಹಳೆಯ ಗಂಡು ನಾಲೆಯ ಆಚೆ ಒಂಟಿಯಾಗಿ ಕೂತಿತ್ತು, ತೊಡೆಯಲ್ಲಿ ಗಾಯ. ಹನ್ನೊಂದು ದಿನಗಳ ನಂತರ ಹರಕುಕಿವಿ ಎಂದಿನ ಕೊಂಬೆಯ ಮೇಲಿತ್ತು. ಎಂದಿನಂತೆ ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡಿತ್ತು. ಆ ಕೈಯೊಳಗೆ ಮರಿ ಇರಲಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಅದು ಸುಮ್ಮನೆ ಕೂತ ಒಂದು ಮುಸುವ. ನನಗೆ ಕೈ ನಡುಗಿ ಬರೆಯಲಾಗಲಿಲ್ಲ.

ಕಚ್ಚಿದ್ದನ್ನು ನಾನು ನೋಡಿರಲಿಲ್ಲ. ಹೊಸ ಗಂಡೇ ಕೊಂದಿತು ಎಂದು ಬರೆಯುವ ಆಸೆ ಬಲವಾಗಿತ್ತು. ಪ್ರಬಂಧಕ್ಕೂ ಅದೇ ಬೇಕಿತ್ತು. ನಾನು ಬರೆದದ್ದು ಇಷ್ಟೇ: "ಹರಕುಕಿವಿಯ ಮರಿ ಇಲ್ಲ. ಕಾರಣ ಕಂಡಿಲ್ಲ."

ಫೆಬ್ರುವರಿಯಲ್ಲಿ ತೇಗದ ಎಲೆ ಉದುರಿ ಕಾಡು ಬಯಲಾಗಿದ್ದಾಗ ಅದೇ ಹೆಣ್ಣು ಕೆಳಗಿನ ಟೊಂಗೆಗೆ ಇಳಿದು ಬಂತು. ಎಡಗೈಯೊಳಗೆ ಕಪ್ಪು ತುಪ್ಪಳದ ಪುಟ್ಟ ತಲೆಯೊಂದು ಅಲುಗಾಡಿತು. ಪಕ್ಕದ ಹೆಣ್ಣು ಆಗಲೇ ಅದನ್ನು ಎತ್ತಿಕೊಳ್ಳಲು ಕೈ ಚಾಚುತ್ತಿತ್ತು.