ಅಜ್ಜಿಯ ಬದುಕಿನ ಪುಸ್ತಿಕೆ: ವರ್ಷಾಂತ್ಯಕ್ಕೆ ಮೊದಲು ಮಾಡಬೇಕಾದ ಕೆಲಸ

ಅಜ್ಜಿ ತೀರಿಹೋದ ಮೇಲೆ, ವರ್ಷಾಂತ್ಯಕ್ಕೆ, ಅಂದರೆ ಮೊದಲ ವರ್ಷದ ಪುಣ್ಯತಿಥಿಗೆ, ಒಂದು ನೆನಪಿನ ಪುಸ್ತಿಕೆ ತರೋಣ ಎಂಬ ಮಾತು ಬಹಳ ಮನೆಗಳಲ್ಲಿ ಹುಟ್ಟುವುದೇ ಹನ್ನೊಂದನೇ ತಿಂಗಳಲ್ಲಿ. ಆಗ ಒಂದು ಫೋಟೋ, ‘ಕರುಣಾಮಯಿ, ತ್ಯಾಗಮೂರ್ತಿ’ ಎಂಬ ನಾಲ್ಕು ಸಾಲು, ಮೊಮ್ಮಕ್ಕಳ ಹೆಸರಿನ ಪಟ್ಟಿ ಇಷ್ಟರಲ್ಲೇ ಮುಗಿಯುತ್ತದೆ. ಮೇಲಿನ ಹೆಸರು ಬದಲಿಸಿದರೆ ಓಣಿಯ ಯಾವ ಮನೆಗೂ ಹೊಂದುವ ಪುಸ್ತಿಕೆ ಅದು. ಮನೆಮಂದಿಯ ಆರೈಕೆಯಲ್ಲೇ ಜೀವ ಸವೆಸಿದವರ ಕಥೆ ಗುಣವಾಚಕಗಳಲ್ಲಿ ಸಿಗುವುದಿಲ್ಲ. ಯಾರ ಬಾಣಂತನ ಎಷ್ಟು ದಿನ ಮಾಡಿದರು, ಹಾಸಿಗೆ ಹಿಡಿದ ಮಾವನವರನ್ನು ರಾತ್ರಿ ಎಷ್ಟು ಸಲ ಮಗ್ಗಲು ಹೊರಳಿಸುತ್ತಿದ್ದರು, ಎಂಥ ಗಂಜಿ ಕುಡಿಸುತ್ತಿದ್ದರು ಎಂಬುದರಲ್ಲಿ ಸಿಗುತ್ತದೆ. ಅದನ್ನು ಹೆಕ್ಕಿ ತೆಗೆಯಲು ಕನಿಷ್ಠ ಆರು ತಿಂಗಳು ಬೇಕು.

ಮೊದಲ ಕೆಲಸ ಅವರ ಮೊಬೈಲಿನದು. 120 ದಿನ ಬಳಸದೆ ಬಿಟ್ಟ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ರೀಚಾರ್ಜ್ ನಿಂತ ನಂಬರ್ ಕೆಲ ಕಾಲದ ಮೇಲೆ ಬೇರೆಯವರ ಪಾಲಾಗುತ್ತದೆ. ‘ಊಟಾ ಆತೇನವಾ’ ಎಂದು ಕೇಳಿದ ಧ್ವನಿ ಸಂದೇಶಗಳು ಮೊಮ್ಮಕ್ಕಳ ಫೋನಿನಲ್ಲೂ ಇರುತ್ತವೆ. ಎಲ್ಲವನ್ನೂ ಒಂದು ಪೆನ್ ಡ್ರೈವ್‌ಗೂ ಒಂದು ಕಂಪ್ಯೂಟರಿಗೂ ಇಳಿಸಿ. ಫೋನನ್ನು ಫಾರ್ಮ್ಯಾಟ್ ಮಾಡಿ ಇನ್ನೊಬ್ಬರಿಗೆ ಕೊಡುವ ಅವಸರ ಬೇಡ.

ಎರಡನೆಯದು ತಾರೀಖು. ಆಧಾರ್‌ನಲ್ಲಿ ಜನವರಿ 1, ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ನಂಬಬೇಡಿ. ನಿಜವಾದ ದಿನ ಗೊತ್ತಿಲ್ಲದಾಗ ಹಾಗೆ ಬರೆಸುವುದು ರೂಢಿ. ಹಿರಿಯರಿಗೆ ಸಂವತ್ಸರವೋ ಹಬ್ಬವೋ ನೆನಪಿರುತ್ತದೆ. ‘ವಿಕ್ರಮ ಸಂವತ್ಸರ, ನಾಗರಪಂಚಮಿ ಮುಂದ’ ಎಂದರೆ 1940ರ ಶ್ರಾವಣ. ಅದೇ ಸಂವತ್ಸರದ ಶಿವರಾತ್ರಿ ಎಂದರೆ ಇಸವಿ 1941 ಆಗುತ್ತದೆ, ಏಕೆಂದರೆ ಸಂವತ್ಸರ ಬದಲಾಗುವುದು ಯುಗಾದಿಗೆ. ಬಹುತೇಕರು ತಪ್ಪುವುದು ಇಲ್ಲೇ. ಸಂವತ್ಸರವೂ ನೆನಪಿಲ್ಲದಿದ್ದರೆ ಊರೇ ನೆನಪಿಟ್ಟ ಘಟನೆ ಹಿಡಿದು ಕೇಳಿ: ಆಣೆ ಹೋಗಿ ನಯೇ ಪೈಸೆ ಬಂದದ್ದು 1957, ದೊಡ್ಡ ಬರ 1972ರ ಸುಮಾರು, ಹಾಡೇ ಹಗಲು ಕತ್ತಲಾದ ಖಗ್ರಾಸ ಗ್ರಹಣ 1980ರ ಫೆಬ್ರವರಿ 16. ‘ಗ್ರಹಣದಾಗ ಸಣ್ಣಾಂವ ಹೊಟ್ಟ್ಯಾಗಿದ್ದ’ ಎಂಬ ಒಂದು ಮಾತು ಮೂರು ತಾರೀಖನ್ನು ಬಿಡಿಸುತ್ತದೆ. ನಮ್ಮ ಧಾರವಾಡ ಕಡೆಯ ಹಳೆಯ ಕಾಗದದಲ್ಲಿ ಮುಂಬೈ ರಾಜ್ಯ ಎಂದಿದ್ದರೆ ಅದು 1956ರ ನವೆಂಬರ್ 1ರ ಹಿಂದಿನದು. ಗದಗ, ಹಾವೇರಿಯ ಹಳ್ಳಿಗಳಿಗೆ ‘ಜಿಲ್ಲಾ ಧಾರವಾಡ’ ಎಂದಿದ್ದರೂ ತಪ್ಪಲ್ಲ. ಅವು ಬೇರೆ ಜಿಲ್ಲೆಗಳಾದದ್ದು 1997ರಲ್ಲಿ.

ತವರಿನ ಹೆಸರನ್ನು ಮರೆಯದೆ ಕೇಳಿ. ಮದುವೆಯಲ್ಲಿ ಹೆಸರು ಬದಲಿಸುವ ಮನೆತನವಾದರೆ ಶಾಲೆಯ ದಾಖಲೆಯ ಹುಡುಗಿ ಮತ್ತು ರೇಶನ್ ಕಾರ್ಡಿನ ಹೆಂಗಸು ಒಬ್ಬರೇ ಎಂದು ಮೊಮ್ಮಕ್ಕಳಿಗೆ ತಿಳಿಯುವುದೇ ಇಲ್ಲ. ಮನೆತನಗಳ ವಂಶ ಹೇಳುವ ಹೆಳವರು ಈಗಲೂ ಬರುತ್ತಿದ್ದರೆ, ಸುಗ್ಗಿ ಮುಗಿದ ಮೇಲೆ ಬಂದಾಗ ಕೂರಿಸಿ ವಂಶಾವಳಿ ಓದಿಸಿ, ರೆಕಾರ್ಡ್ ಮಾಡಿಕೊಳ್ಳಿ.

ಇನ್ನು ಮಾತಾಡಿಸುವುದು. ಅತಿ ಹಿರಿಯರಿಂದ ಶುರು ಮಾಡಿ. ಅವರ ನೆನಪಿಗೂ ಆರೋಗ್ಯಕ್ಕೂ ಭರವಸೆ ಇರುವುದಿಲ್ಲ. ‘ಅಮ್ಮ (ಅಜ್ಜಿ) ಹೆಂಗಿದ್ರು?’ ಎಂದು ಕೇಳಿದರೆ ‘ದೇವರಂಥಾಕಿ’ ಎಂಬ ಒಂದೇ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕೆಲಸದ ಬಗ್ಗೆ ಕೇಳಿ. ‘ವೈನಿ, ನಿಮ್ಮ ಮೊದಲನೇ ಬಾಣಂತನದಾಗ ನೀರು ಹಾಕಿದವರು ಯಾರು? ಹಂಡೇಕ ಏನ ಹಾಕಿ ಕಾಸತಿದ್ರು? ಎಷ್ಟನೇ ದಿನಕ್ಕ ರೊಟ್ಟಿ ಕೊಟ್ರು?’ ‘ಕಾಕಾ, ಅಜ್ಜಾರು ಬಿದ್ದಾಗ ರಾತ್ರಿ ಯಾರು ಏಳತಿದ್ರು?’ ಇಂಥ ಪ್ರಶ್ನೆಗೆ ಮನುಷ್ಯರು ಕೈ ಆಡಿಸುತ್ತಾ ಉತ್ತರ ಕೊಡುತ್ತಾರೆ. ಆರೈಕೆ ಪಡೆದವರನ್ನು ಬಿಡದೆ ಕೇಳಬೇಕು. ಅವರು ಬೆಳೆಸಿದ ಮೈದುನ, ಶಾಲೆಗೆಂದು ಮನೆಯಲ್ಲಿದ್ದ ತಂಗಿಯ ಮಗ, ಪಕ್ಕದ ಮನೆಯ ಬಾಣಂತಿ. ಹೆತ್ತ ಮಕ್ಕಳಿಗಿಂತ ಇವರಿಗೇ ಚೆನ್ನಾಗಿ ನೆನಪಿರುತ್ತದೆ, ಇದು ವಿಚಿತ್ರ ಅನಿಸಿದರೂ ನಿಜ.

ರೆಕಾರ್ಡ್ ಮಾಡುವಾಗ ಫ್ಯಾನ್, ಟಿವಿ ಬಂದ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಕೌದಿಯ ಮೇಲೆ ಇಟ್ಟು, ಹೇಳುವವರಿಂದ ಒಂದೂವರೆ ಅಡಿ ದೂರ ಇರಿಸಿ. ಬರೀ ಮೇಜಿನ ಮೇಲೆ ಇಟ್ಟರೆ ಚಹಾ ಕಪ್ಪಿನ ಸದ್ದು ಮಾತನ್ನು ನುಂಗುತ್ತದೆ. ಒಂದು ನಿಮಿಷ ಮಾಡಿ, ಕೇಳಿ ನೋಡಿ, ಆಮೇಲೆ ಮುಂದುವರಿಯಿರಿ. ನಲವತ್ತು ನಿಮಿಷ ಸಾಕು. ಜೋಗುಳ, ಬೀಸುವ ಪದ ಯಾರಿಗಾದರೂ ಬಂದರೆ ಹಾಡಿಸಿ. ಬರೆದುಕೊಳ್ಳುವಾಗ ಹಾಡಿದಂತೆಯೇ ಬರೆಯಿರಿ, ವ್ಯಾಕರಣ ತಿದ್ದಬೇಡಿ.

ಪುಸ್ತಿಕೆಯ ಜೀವಾಳ ‘ಅವರ ಕೈಕೆಲಸ’ ಎಂಬ ಅಧ್ಯಾಯ. ಅದಕ್ಕೆ ಅಳತೆ ಬೇಕು, ಆದರೆ ಅವರು ಅಳೆದವರಲ್ಲ. ಅಂಟಿನುಂಡಿಯನ್ನೇ ನೋಡಿ: ‘ಹಿಡಿ ಅಂಟು, ಕಣ್ಣಳತಿ ಬೆಲ್ಲ’ ಎಂದು ಸೊಸೆ ಹೇಳುತ್ತಾಳೆ. ಅವರ ಜೊತೆ ಹೆಚ್ಚು ಸಲ ಕಟ್ಟಿದ ಸೊಸೆಯಿಂದಲೇ ಒಮ್ಮೆ ಮಾಡಿಸಿ. ಪ್ರತಿ ಡಬ್ಬಿಯನ್ನು ಮೊದಲು ತೂಗಿ, ಅವಳು ತನ್ನ ಪಾಡಿಗೆ ತೆಗೆದು ಹಾಕಲಿ, ಮುಗಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೇ ಆ ಮನೆಯ ಅಳತೆ. ‘ಎಷ್ಟು ಹಾಕಿದ್ರಿ’ ಎಂದು ನಡುವೆ ಕೇಳಿದರೆ ಕೈ ತಪ್ಪುತ್ತದೆ. ಅರ್ಧ ಕೆಜಿ ತುರಿದ ಒಣಕೊಬ್ಬರಿಗೆ ಕಾಲು ಕೆಜಿ ಉತ್ತತ್ತಿ, 100 ಗ್ರಾಂ ಅಂಟು, 400 ಗ್ರಾಂ ಬೆಲ್ಲ, 50 ಗ್ರಾಂ ಗಸಗಸೆ ಆಸುಪಾಸು ಬಂದರೆ ಅಳತೆ ಸರಿದಾರಿಯಲ್ಲಿದೆ. ತೀರಾ ಬೇರೆ ಬಂದರೆ ಇನ್ನೊಮ್ಮೆ ತೂಗಿ. ಎಲ್ಲಿ ಕೆಡುತ್ತದೆ ಎಂಬುದನ್ನೂ ಬರೆಯಿರಿ. ದೊಡ್ಡ ಉರಿಯಲ್ಲಿ ತುಪ್ಪಕ್ಕೆ ಬಿದ್ದ ಅಂಟು ಹೊರಗೆ ಅರಳಿ ಒಳಗೆ ಹಸಿ ಉಳಿದು ಹಲ್ಲಿಗೆ ಮೆತ್ತುತ್ತದೆ. ಬೆಲ್ಲ ಕರಗಿ ನೊರೆ ಬಂದ ಮೇಲೂ ಒಲೆಯ ಮೇಲಿದ್ದರೆ ಉಂಡಿ ಕಲ್ಲಾಗುತ್ತದೆ. ಹಳಬರು ಸೇರು, ಪಾವು, ಚಟಾಕು ಎಂದರೆ ಆ ಮನೆಯ ಪಾವನ್ನೇ ಹುಡುಕಿ, ಅದೇ ಧಾನ್ಯ ತುಂಬಿ ತೂಗಿ. ಪುಸ್ತಕದ ಲೆಕ್ಕ ಹಾಕಬೇಡಿ; ಊರೂರಿಗೆ ಸೇರು ಬೇರೆ.

ಕೌದಿ ಉಳಿದಿದ್ದರೆ ಹಗಲ ಬೆಳಕಿನಲ್ಲಿ ಹಾಸಿ, ಮೇಲಿನಿಂದ ಫೋಟೋ ತೆಗೆಯಿರಿ. ಯಾವ ತುಂಡು ಯಾರ ಸೀರೆ, ಯಾವುದು ಅಜ್ಜಾರ ಧೋತರ ಎಂದು ಬಲ್ಲವರಿಂದ ಗುರುತು ಹಾಕಿಸಿ ಅಚ್ಚು ಮಾಡಿ. ಒಂದು ಪುಟ ಅದಕ್ಕೇ ಹೋಗಲಿ.

ಮನೆಮದ್ದು ಬರೆಯುವಾಗ ಎಚ್ಚರ. ಕೂಸಿಗೆ ಬಜೆ ತೇಯ್ದು ನೆಕ್ಕಿಸಿದ್ದು, ಬಾಣಂತಿ ಕೋಣೆಯಲ್ಲಿ ಶೇಗಡಿ (ಇದ್ದಿಲ ಒಲೆ) ಇಟ್ಟದ್ದು ಇವೆಲ್ಲ ‘ಹೀಗೆ ಮಾಡುತ್ತಿದ್ದರು’ ಎಂದಷ್ಟೇ ಬರಲಿ, ‘ಹೀಗೆ ಮಾಡಿ’ ಎಂದಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಜೀವ ತೆಗೆಯುತ್ತದೆ. ಆ ಸಾಲನ್ನೂ ಕೆಳಗೆ ಸೇರಿಸಿ. ಕೊನೆಯ ಕಾಯಿಲೆಯ ವಿವರ ಎಷ್ಟು ಬರಬೇಕೆಂದು ಮಕ್ಕಳೆಲ್ಲ ಕೂಡಿ ತೀರ್ಮಾನಿಸಲಿ.

ಫೋಟೋಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ), ಕಪ್ಪು-ಬಿಳುಪಿನವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ಅಚ್ಚಿಗೆ 300 ಸಾಕು, ಹಾಗಾಗಿ ಸಣ್ಣ ಫೋಟೋ ಎರಡು ಪಟ್ಟು ದೊಡ್ಡದಾದರೂ ಒಡೆಯುವುದಿಲ್ಲ. ಗಾಜಿಗೆ ಅಂಟಿದ ಫೋಟೋವನ್ನು ಕೀಳಬೇಡಿ; ಮುಖದ ಪದರವೇ ಗಾಜಿನಲ್ಲಿ ಉಳಿಯುತ್ತದೆ. ಕಟ್ಟು ಬಿಚ್ಚಿ, ಗಾಜನ್ನು ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಗಾತ್ರ ಕುಗ್ಗುತ್ತದೆ. ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್. ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತದೆ.

ಬರೆಯುವಾಗ ನಮ್ಮ ಕಡೆಯದೇ ಒಂದು ತೊಡಕಿದೆ. ಒಬ್ಬರೇ ಹೆಂಗಸು ಮಗನಿಗೆ ಅವ್ವ, ಮೊಮ್ಮಗಳಿಗೆ ಅಮ್ಮ, ಸೊಸೆಗೆ ಅತ್ತಿ, ಮೈದುನನಿಗೆ ವೈನಿ. ಬೆಂಗಳೂರಿನಲ್ಲಿ ಬೆಳೆದ ಮರಿಮಕ್ಕಳು ‘ಅಮ್ಮ’ ಎಂದರೆ ತಾಯಿ ಎಂದುಕೊಳ್ಳುತ್ತಾರೆ. ಮೊದಲ ಪುಟದಲ್ಲೇ ಯಾರು ಏನೆಂದು ಕರೆಯುತ್ತಿದ್ದರು ಎಂದು ಪಟ್ಟಿ ಕೊಡಿ. ಒಳಗೆ ಅವರವರ ಮಾತಿನಲ್ಲಿ ಅವರವರ ಶಬ್ದವೇ ಇರಲಿ. ಅಕ್ಷರ ಜೋಡಿಸುವ ಡಿಟಿಪಿಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ‘ಮಾಡತಿದ್ರು’ ಎಂಬುದೆಲ್ಲ ‘ಮಾಡುತ್ತಿದ್ದರು’ ಆಗಿ ಬಂದಿರುತ್ತದೆ.

ಗದಗ-ಬೆಟಗೇರಿ ಅಚ್ಚಿನ ಕೆಲಸಕ್ಕೆ ಹೆಸರಾದ ಊರು. ಹುಬ್ಬಳ್ಳಿ, ಧಾರವಾಡದಲ್ಲೂ ಪ್ರೆಸ್‌ಗಳಿಗೆ ಬರವಿಲ್ಲ. ಡೆಮಿ 1/8 ಆಕಾರ (ಸಾಮಾನ್ಯ ಪುಸ್ತಕದ ಅಳತೆ), ಒಳಗೆ 80 ಜಿಎಸ್ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ, ಫೋಟೋ ಪುಟಗಳಿಗೆ 130 ಜಿಎಸ್ಎಂ ಆರ್ಟ್ ಪೇಪರ್, ರಕ್ಷಾಪುಟಕ್ಕೆ 300 ಜಿಎಸ್ಎಂ ಎಂದು ಹೇಳಿ ದರ ಕೇಳಿ. 48 ಪುಟವಾದರೆ ನಡುವೆ ಪಿನ್ ಹೊಡೆಸಿದರೆ ಸಾಕು. ನೂರು ಪ್ರತಿಗೆ ಡಿಜಿಟಲ್ ಅಗ್ಗ, ಐದುನೂರು ಮೀರಿದರೆ ಆಫ್‌ಸೆಟ್. ಯುನಿಕೋಡ್‌ನಿಂದ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಕ್ಕೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪಬಹುದು, ಸೊನ್ನೆ ಅಂಕಿ ಮತ್ತು ಅನುಸ್ವಾರ ಅದಲುಬದಲಾಗಬಹುದು. ಕರಡನ್ನು ಕಾಗದದ ಮೇಲೆ ತೆಗೆಸಿ, ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲ ನೋಡಲಿ. ಹೆಸರುಗಳ ಪುಟವನ್ನು ಮಾತ್ರ ಪ್ರತಿ ಮನೆಗೂ ಕಳಿಸಿ ಒಪ್ಪಿಗೆ ಪಡೆಯಿರಿ. ಒಬ್ಬ ಬೀಗರ ಹೆಸರು ಬಿಟ್ಟುಹೋದರೆ ಉಳಿದ 47 ಪುಟವನ್ನು ಯಾರೂ ಓದುವುದಿಲ್ಲ.

ಅಚ್ಚಿನ ಲೆಕ್ಕ ಸಾಮಾನ್ಯವಾಗಿ 16 ಪುಟದ ಫಾರ್ಮಿನದು (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು), ಹಾಗಾಗಿ ಕೊನೆಗೆ ಎರಡು-ಮೂರು ಪುಟ ಉಳಿಯುವುದುಂಟು. ಅಲ್ಲಿ ಜಾಹೀರಾತನ್ನೋ ಹೂವಿನ ಚಿತ್ರವನ್ನೋ ತುಂಬಬೇಡಿ, ಗೆರೆ ಹಾಕಿಸಿ ಖಾಲಿ ಬಿಡಿ. ಪ್ರಸಾದ ಮುಗಿದು ಪುಸ್ತಿಕೆ ಕೈಗೆ ಬಂದ ಅರ್ಧ ಗಂಟೆಯಲ್ಲಿ ‘ಇದೊಂದು ಬರದೇ ಇಲ್ಲಲ್ಲೋ’ ಎನ್ನುವವರು ನಾಲ್ಕು ಮಂದಿ ಇದ್ದೇ ಇರುತ್ತಾರೆ. ಆಗ ಕೊಡಲು ಕಿಸೆಯಲ್ಲಿ ಎರಡು ಪೆನ್ ಇಟ್ಟುಕೊಂಡಿರಿ.