ಟ್ರ್ಯಾಲಿಯ ಮೇಲೆ ಗೋಬರ್ ಗ್ಯಾಸ್: ಡೀಸೆಲ್ ಪಂಪ್‌ಸೆಟ್ಟಿನ ಖರ್ಚು ಇಳಿಸಿದ ನನ್ನ ಅನುಭವ

ತುಂಗಭದ್ರಾ ಎಡದಂಡೆ ಕಾಲುವೆಯ 104ನೇ ಮೈಲಿನ ಕೆಳಗೆ ಹೊಲವಿರುವ ನಮ್ಮಂಥವರಿಗೆ ಕಾಲುವೆಯ ನೀರು ಬಂದರೆ ಬಂತು, ಇಲ್ಲದಿದ್ದರೆ ಹಳ್ಳವೇ ಗತಿ. ಹಳ್ಳದ ದಂಡೆಯವರೆಗೆ ವಿದ್ಯುತ್ ಕಂಬಗಳು ಬಂದಿಲ್ಲವಾದ್ದರಿಂದ ಮೆಣಸಿನಕಾಯಿ ಮತ್ತು ಹತ್ತಿಗೆ ನೀರೆತ್ತಲು ಐದು ಎಚ್‌ಪಿಯ ಹಳೆಯ ಡೀಸೆಲ್ ಇಂಜಿನ್ನನ್ನೇ ನೆಚ್ಚಿಕೊಂಡಿದ್ದೇನೆ. ಡೀಸೆಲ್ ಲೀಟರಿಗೆ 90 ರೂಪಾಯಿಯ ಆಸುಪಾಸಿಗೆ ಬಂದ ಮೇಲೆ, ಮನೆಯ ಹಿಂದಿನ ದಿನಕ್ಕೆ ಆರು ಘನ ಮೀಟರ್ ಅನಿಲ ಕೊಡುವ ದೀನಬಂಧು ಮಾದರಿಯ, ಗುಮ್ಮಟವಿರುವ ಗೋಬರ್ ಗ್ಯಾಸ್ ಗುಂಡಿಯಲ್ಲಿ ರಾತ್ರಿಯಿಡೀ ತಯಾರಾಗಿ ವ್ಯರ್ಥವಾಗುತ್ತಿದ್ದ ಅನಿಲವನ್ನು ಈ ಇಂಜಿನ್ನಿಗೆ ಉಣಿಸಬೇಕೆಂದು ಹಟ ಹಿಡಿದೆ. ಇಂಜಿನ್ ಸೀಜ್ ಆಗುತ್ತದೆ ಎಂದು ಸಿರವಾರದ ಫಿಟ್ಟರುಗಳು ಎಚ್ಚರಿಸಿದರು. ಸೆಗಣಿಯಿಂದ ಒಲೆ ಉರಿಯಬಹುದೇ ಹೊರತು ನೀರು ಏಳದು ಎಂದು ನಮ್ಮ ಅಣ್ಣನವರೂ ಖಂಡಿತವಾಗಿ ಹೇಳಿಬಿಟ್ಟರು. ಈಗ ಎರಡು ಹಂಗಾಮುಗಳಿಂದ ಅದೇ ಇಂಜಿನ್ ನೀರೆತ್ತುತ್ತಿದೆ, ಮತ್ತು ಅಣ್ಣನವರ ಹೊಲಕ್ಕೂ ಅದೇ ನೀರು ಹೋಗುತ್ತಿದೆ.

ಮೊದಲ ತೊಡಕು ಇಂಜಿನ್ನಿನದಲ್ಲ, ದೂರದ್ದು. ಗುಂಡಿಯಿಂದ ಹಳ್ಳದ ದಂಡೆಗೆ ಸುಮಾರು ಕಾಲು ಮೈಲಿ ಇದೆ. ಅಷ್ಟು ದೂರಕ್ಕೂ ಅರ್ಧ ಇಂಚಿನ ಪೈಪನ್ನು ಹೂತು ನೋಡಿದೆ. ಬೆಳಿಗ್ಗೆ ಗುಮ್ಮಟ ತುಂಬಿದ್ದಾಗ ಹತ್ತು ನಿಮಿಷ ಅನಿಲ ಬರುತ್ತಿತ್ತು; ಒತ್ತಡ ಇಳಿದ ಕೂಡಲೇ ಇಂಜಿನ್ ಮತ್ತೆ ಡೀಸೆಲ್ಲಿಗೇ ಮರಳುತ್ತಿತ್ತು. ಅನಿಲದಲ್ಲಿನ ತೇವವು ಪೈಪಿನ ತಗ್ಗುಗಳಲ್ಲಿ ನೀರಾಗಿ ನಿಂತು ದಾರಿಯನ್ನೇ ಮುಚ್ಚುತ್ತಿತ್ತು. ಒಂದೂವರೆ ಇಂಚಿನ ಪೈಪು ಹಾಕಿದರೆ ಸರಿಹೋಗುತ್ತಿತ್ತೇನೋ, ಆದರೆ ಅದಕ್ಕೆ ತಗಲುವ ಹಣದಲ್ಲಿ ಮೂರು ಹಂಗಾಮಿನ ಡೀಸೆಲ್ ಬರುತ್ತದೆ. ನಡುವಿನ ಹೊಲದವರ ನೇಗಿಲು ಹೂತ ಪೈಪನ್ನು ಎರಡು ಕಡೆ ಸೀಳಿದ ಮೇಲೆ ಆ ದಾರಿಯನ್ನೇ ಬಿಟ್ಟೆ. ಅಷ್ಟರಲ್ಲಿ ಏಳೆಂಟು ಸಾವಿರ ಮಣ್ಣಿನೊಳಗೆ ಹೋಗಿತ್ತು.

ಪೈಪು ಅನಿಲವನ್ನು ಒಯ್ಯದಿದ್ದರೆ ಟ್ರ್ಯಾಕ್ಟರ್ ಒಯ್ಯಲಿ ಎಂದು ಚೀಲದ ಪ್ರಯೋಗಕ್ಕೆ ಇಳಿದೆ. ಲಾರಿಯ ಹಳೆಯ ಟ್ಯೂಬುಗಳಲ್ಲಿ ತುಂಬಿದ ಅನಿಲ ಇಂಜಿನ್ನಿಗೆ ಕೆಲವೇ ನಿಮಿಷಕ್ಕೂ ಸಾಲಲಿಲ್ಲ. ತಾಡಪತ್ರಿಯನ್ನು ಹೊಲಿಸಿ ಮಾಡಿಸಿದ ಚೀಲ ನೋಡಲು ಚೆನ್ನಾಗಿತ್ತು, ಆದರೆ ಸೂಜಿ ಹಾಯ್ದ ಪ್ರತಿ ತೂತಿನಲ್ಲೂ ಸೋರಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಮಲಗುತ್ತಿತ್ತು. ಕೊನೆಗೆ ರಾಯಚೂರಿನಲ್ಲಿ ಲಾರಿ ತಾಡಪತ್ರಿಗಳನ್ನು ಹೊಲಿಯದೆ ಶಾಖದಿಂದ ಅಂಟಿಸುವವರೊಬ್ಬರನ್ನು ಹಿಡಿದು, ದಪ್ಪ ಪಿವಿಸಿ ಬಟ್ಟೆಯಲ್ಲಿ ಐದು ಅಡಿ ಅಡ್ಡಳತೆಯ, ಹನ್ನೊಂದು ಅಡಿ ಉದ್ದದ ಕೊಳವೆಯಾಕಾರದ ಚೀಲವನ್ನು ಮಾಡಿಸಿದೆ. ಅದಕ್ಕೆ ಹತ್ತು ಸಾವಿರದೊಳಗೆ ಬಿತ್ತು. ಟ್ರ್ಯಾಲಿಯಲ್ಲಿ ಸರಿಯಾಗಿ ಕೂರುತ್ತದೆ, ಪೂರ್ತಿ ತುಂಬಿದರೆ ಆರು ಘನ ಮೀಟರ್ ಹಿಡಿಯುತ್ತದೆ. ಹಗಲಿನ ಅನಿಲ ಅಡುಗೆಗೆ ಹೋಗುವುದರಿಂದ ನನಗೆ ಸಿಗುವುದು ರಾತ್ರಿಯ ನಾಲ್ಕು ಘನ ಮೀಟರಿನಷ್ಟು ಮಾತ್ರ. ಒಳಗಿನ ಅನಿಲದ ತೂಕ ಐದು ಕಿಲೋ ಸಹ ಇರುವುದಿಲ್ಲವಾದ್ದರಿಂದ ಗಾಳಿ ಬೀಸುವ ದಿನ ನಾಲ್ಕೂ ಮೂಲೆಗೆ ಹಗ್ಗ ಬಿಗಿಯದಿದ್ದರೆ ಚೀಲ ಟ್ರ್ಯಾಲಿಯಿಂದ ಹಾರಿ ಹೋಗುತ್ತದೆ. ಇದನ್ನು ಕಟ್ಟಿಕೊಂಡು ಊರ ನಡುವೆ ಹೊರಟಾಗ, "ಏನ್ರೀ, ಗಾಳಿ ಹೇರಕೊಂಡು ಹೊಂಟೀರಲ್ಲ, ಸಂತಿಗೇನು?" ಎಂದು ಕಟ್ಟೆಯ ಮೇಲಿನವರು ಕೇಳಿದ್ದುಂಟು. ಈಗ ಕೇಳುವುದು ಚೀಲ ಮಾಡಿಸಿದ ಅಂಗಡಿ ಎಲ್ಲಿ ಎಂದು.

ಇನ್ನು ಇಂಜಿನ್ನಿನ ವಿಷಯ. ಏರ್ ಫಿಲ್ಟರಿಗೂ ಹೆಡ್ಡಿಗೂ ನಡುವೆ ‘ಟೀ’ ಎಂಬ ಮೂರು ಬಾಯಿಯ ಪೈಪ್ ಜೋಡಣೆಯೊಂದನ್ನು ಕೂರಿಸಿ, ಮುಕ್ಕಾಲು ಇಂಚಿನ ಪೈಪಿನಿಂದ ಅನಿಲವನ್ನು ಬಿಡುತ್ತೇನೆ. ಡೀಸೆಲ್ಲಿನಲ್ಲೇ ಚಾಲೂ ಮಾಡಿ, ನೀರು ಎತ್ತತೊಡಗಿದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆದರೆ ಇಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ತಾನೇ ಡೀಸೆಲ್ಲನ್ನು ಇಳಿಸುತ್ತದೆ. ಬರಿಯ ಪೈಪಿನ ಬಾಯಿಂದ ಬಿಟ್ಟಾಗ ಇಂಜಿನ್ ಏರುತ್ತಲೂ ಇಳಿಯುತ್ತಲೂ ತೊನೆಯುತ್ತಿತ್ತು. ಟೀಯ ಒಳಗೆ ತೂತು ಕೊರೆದ ತುಂಡೊಂದನ್ನು ಇಟ್ಟ ಮೇಲೆ ಅದು ನಿಂತಿತು. ತೂತುಗಳು ಎಷ್ಟು, ಯಾವ ಕಡೆಗೆ ಮುಖ ಮಾಡಿರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಒಂದು ಬೇಸಿಗೆಯೇ ಹಿಡಿಯಿತು. ಇಂಜಿನ್ನಿನ ಡೀಸೆಲ್ ಪಂಪಿನ ಕೆಳಗಿನ ಶಿಮ್ಮನ್ನು, ಅಂದರೆ ತೆಳು ತಗಡನ್ನು, ಏನು ಮಾಡಿದೆ ಎಂಬುದೂ ಸದ್ಯಕ್ಕೆ ನನ್ನಲ್ಲಿಯೇ ಇರಲಿ.

ಉಳಿತಾಯವನ್ನು ಅಂದಾಜಿನ ಮೇಲೆ ನಂಬದೆ, ಟ್ಯಾಂಕಿನ ಬದಲು ಒಂದು ಲೀಟರಿನ ಬಾಟಲಿಯನ್ನು ನೇತುಹಾಕಿ ಅಳೆದೆ. ಬರಿಯ ಡೀಸೆಲ್ಲಿನಲ್ಲಿ ಆ ಲೀಟರ್ ಒಂದು ಗಂಟೆಗೆ ಸ್ವಲ್ಪ ಮೊದಲೇ ಮುಗಿಯುತ್ತಿತ್ತು. ಅನಿಲ ಸೇರಿಸಿದ ದಿನಗಳಲ್ಲಿ ಅದೇ ಒಂದು ಲೀಟರ್ ನಾಲ್ಕು ಗಂಟೆಯವರೆಗೆ ಎಳೆಯಿತು. ಮುಕ್ಕಾಲು ಪಾಲಿಗಿಂತ ಹೆಚ್ಚು ಡೀಸೆಲ್ ಕಡಿಮೆ ಮಾಡಲು ನೋಡಿದರೆ ನಾಕಿಂಗ್, ಅಂದರೆ ಇಂಜಿನ್ನಿನೊಳಗೆ ಬಡಿತದ ಸದ್ದು, ಶುರುವಾಗುತ್ತದೆ. ಡೀಸೆಲ್ ತೀರ ಕಡಿಮೆ ಹಾಯುವುದರಿಂದ ಅದನ್ನು ಚಿಮ್ಮಿಸುವ ನಾಝಲ್ಲಿನ ತುದಿ ತಣಿಯದೆ ಕಿಟ್ಟ ಕಟ್ಟುತ್ತದೆ. ಪೂರ್ತಿ ಅನಿಲದಲ್ಲೇ ಓಡಿಸುತ್ತೇನೆಂದು ಹೊರಟವರ ನಾಝಲ್ಲುಗಳನ್ನು ನಾನೇ ಬಿಚ್ಚಿಕೊಟ್ಟಿದ್ದೇನೆ. ರಾತ್ರಿ ತುಂಬಿದ ಚೀಲ ಎರಡು ಗಂಟೆಗೆ ಸಾಲುತ್ತದೆ, ಅಂದರೆ ದಿನಕ್ಕೆ ಸುಮಾರು ಒಂದೂವರೆ ಲೀಟರ್, 140 ರೂಪಾಯಿ ಉಳಿಯುತ್ತದೆ. ಹಂಗಾಮಿಗೆ ಹದಿಮೂರು ಹದಿನಾಲ್ಕು ಸಾವಿರ ಎನ್ನಬಹುದು. ಚೀಲ, ವಾಲ್ವು, ಪೈಪು ಎಲ್ಲವೂ ಸೇರಿ ಅಷ್ಟೇ ತಗಲಿತ್ತು. ಮೊದಲಿನ ಪ್ರಯೋಗಗಳಿಗೆ ಸುರಿದ ಹಣವನ್ನು ಎರಡನೆಯ ಹಂಗಾಮು ತೀರಿಸಿತು.

ಲೆಕ್ಕದಲ್ಲಿ ಕಾಣದ ಖರ್ಚು ಗಂಧಕದ್ದು. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಮೊದಲ ಹಂಗಾಮಿನಲ್ಲೇ ಇಂಜಿನ್ನಿನ ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಷ್ಷನ್ನು ತಿಂದುಹಾಕಿತು, ಆಯಿಲ್ ಬೇಗನೇ ಕಪ್ಪಾಗಿ ಕೆಟ್ಟಿತು. ಲೇತ್ ಅಂಗಡಿಯಿಂದ ಕಬ್ಬಿಣದ ಚೂರು ತಂದು, ಆರು ಇಂಚಿನ ಪೈಪಿನಲ್ಲಿ ತುಂಬಿ, ಅನಿಲವನ್ನು ಅದರೊಳಗಿಂದ ಹಾಯಿಸಿದರೆ ವಾಸನೆ ಹೋಗುತ್ತದೆ. ಹೊಳೆಯುವ ಹೊಸ ಚೂರು ಕೆಲಸ ಮಾಡದು; ನೀರು ಚಿಮುಕಿಸಿ ಎರಡು ಮೂರು ವಾರ ತುಕ್ಕು ಹಿಡಿಸಬೇಕು. ಕಪ್ಪಾದ ಚೂರನ್ನು ತೆಗೆದು ನೆರಳಿನಲ್ಲಿ ಹರಡಿದರೆ ಮತ್ತೆ ಕೆಂಪಾಗುತ್ತದೆ. ಆದರೆ ಹರಡುವಾಗ ಒದ್ದೆ ಮಾಡದಿದ್ದರೆ ಅದು ಕೈ ಸುಡುವಷ್ಟು ಕಾಯುತ್ತದೆ, ಆದ್ದರಿಂದ ಹುಲ್ಲಿನ ಬಣವೆಯ ಹತ್ತಿರ ಹರಡಬಾರದು. ತುಕ್ಕೇ ಬೇಕಾದರೆ ಸಂಡೂರಿನ ಕಬ್ಬಿಣದ ಅದಿರೇ ಆಗಬಹುದಲ್ಲ ಎಂದು, ಲಾರಿಯ ಸ್ನೇಹಿತರಿಂದ ಒಂದು ಚೀಲ ಕೆಂಪು ಪುಡಿಯನ್ನು ತರಿಸಿ ತುಂಬಿ ನೋಡಿದೆ. ಅದು ಬಿಗಿದುಕೊಂಡು ಅನಿಲವನ್ನೇ ತಡೆಯಿತು, ಜಲ್ಲಿಯಾಗಿ ಹಾಕಿದರೆ ವಾಸನೆ ಹಾಗೆಯೇ ಉಳಿಯಿತು. ಸುಣ್ಣದ ತಿಳಿನೀರಿನಲ್ಲಿ ಹಾಯಿಸಿ ಇಂಗಾಲದ ಡೈಆಕ್ಸೈಡನ್ನೂ ತೆಗೆದು ನೋಡಿದ್ದೇನೆ. ಒಲೆಯ ಜ್ವಾಲೆ ಚುರುಕಾಯಿತು, ಬಾಟಲಿಯ ಡೀಸೆಲ್ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಚೀಲವನ್ನು ಸೈಲೆನ್ಸರಿನ ಬಾಯಿಯಿಂದ ದೂರ, ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಿಸುತ್ತೇನೆ. ಬೆಂಕಿ ಚೀಲದ ಕಡೆಗೆ ಹಿಮ್ಮರಳದಂತೆ ಅನಿಲವನ್ನು ನೀರಿನೊಳಗಿಂದ ಹಾಯಿಸುವ ತಡೆ ನಡುವೆ ಇಲ್ಲದೆ ಒಂದು ದಿನವೂ ಓಡಿಸಿಲ್ಲ. ಬೀಡಿ ಸೇದುವವರು ಎಷ್ಟೇ ಹತ್ತಿರದವರಾದರೂ ದಂಡೆಯ ಆಚೆಗೇ ಇರಬೇಕು.

ಇದನ್ನು ಕೇಳಿ ಬಳ್ಳಾರಿ ಕಡೆಯ ಲಾರಿ ಮಾಲೀಕರು ಎಲ್‌ಪಿಜಿ ಸಿಲಿಂಡರನ್ನು ಹೀಗೆಯೇ ಲಾರಿಗೆ ಜೋಡಿಸಬಹುದೇ ಎಂದು ಕೇಳುತ್ತಾರೆ. ನನ್ನ ಪಂಪು ಒಂದೇ ವೇಗದಲ್ಲಿ, ಒಂದೇ ಭಾರದಲ್ಲಿ ಓಡುತ್ತದೆ. ಘಟ್ಟ ಹತ್ತಿ ಇಳಿಯುವ ಲಾರಿಯಲ್ಲಿ ಅನಿಲವನ್ನು ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಬೇಕು, ಅದು ಕೈ ವಾಲ್ವಿನ ಕೆಲಸವಲ್ಲ. ಮೇಲಾಗಿ ಪ್ರೊಪೇನ್ ಮತ್ತು ಬ್ಯೂಟೇನ್ ನಮ್ಮ ಮೀಥೇನಿಗಿಂತ ಬಹು ಬೇಗ ನಾಕ್ ಆಗುತ್ತವೆ. 19 ಕಿಲೋದ ವಾಣಿಜ್ಯ ಸಿಲಿಂಡರಿನ ಶಾಖ ಸುಮಾರು 24 ಲೀಟರ್ ಡೀಸೆಲ್ಲಿಗೆ ಸಮ. ಸಿಲಿಂಡರಿನ ಬೆಲೆಯನ್ನು ಎದುರಿಗಿಟ್ಟು ಕಳೆದರೆ ಉಳಿಯುವುದು ಅಲ್ಪ, ಮನೆಯ ಸಿಲಿಂಡರನ್ನು ವಾಹನಕ್ಕೆ ಹಚ್ಚುವುದಂತೂ ಅಪರಾಧ. ಲಾರಿಯನ್ನು ಬಿಟ್ಟು ಮನೆಯಲ್ಲಿ ಹನ್ನೆರಡು ದನ ಎಮ್ಮೆಗಳಿದ್ದು ಪಂಪ್‌ಸೆಟ್ ಇರುವವರು ಯಾರಾದರೂ ಇದ್ದರೆ ಕರೆತನ್ನಿ, ತೂತಿನ ಲೆಕ್ಕವನ್ನು ಅವರ ಇಂಜಿನ್ನಿನ ಮುಂದೆಯೇ ಕುಳಿತು ಹೇಳಿಕೊಡುತ್ತೇನೆ ಎಂದು ಅವರಿಗೆ ಹೇಳಿ ಕಳಿಸುತ್ತೇನೆ.