ಅರೆತಲೆನೋವಿಗೆ ಬಯೋಫೀಡ್‌ಬ್ಯಾಕ್: ಬೆರಳ ತುದಿಯಿಂದ ಶುರು ಮಾಡಿ

ಹತ್ತೊಂಬತ್ತನೇ ವಯಸ್ಸಿನಿಂದ ನನ್ನ ಎಡಗಣ್ಣಿನ ಹಿಂದೆ ಅರೆತಲೆನೋವು, ಅಂದರೆ ಮೈಗ್ರೇನ್, ಮನೆಮಾಡಿದೆ. ಅದು ಬರುವ ಮುನ್ನ ನನ್ನ ಬೆರಳುಗಳು ತಣ್ಣಗಾಗುತ್ತವೆ ಎಂಬುದು ತಿಳಿದದ್ದು ನಲವತ್ತು ದಾಟಿ, ಬಯೋಫೀಡ್‌ಬ್ಯಾಕ್ ಕಲಿಯಲು ಕುಳಿತ ಮೇಲೆ.

ಇದರಲ್ಲಿ ಯಂತ್ರ ನಮಗೆ ಏನನ್ನೂ ಮಾಡುವುದಿಲ್ಲ. ಮೈಯೊಳಗೆ ನಡೆಯುವುದನ್ನು ಅಂಕಿಯಾಗಿಯೋ ಸದ್ದಾಗಿಯೋ ತೋರಿಸುತ್ತದೆ, ಅಷ್ಟೆ; ಕಲಿಯಬೇಕಾದವರು ನಾವು. ಆತಂಕದಲ್ಲಿ ಬೆರಳಿನ ರಕ್ತನಾಳಗಳು ಕುಗ್ಗಿ ಕೈ ತಣ್ಣಗಾಗುತ್ತದೆ, ಮೈ ಸಡಿಲಾದರೆ ಬೆಚ್ಚಗಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಮೆನಿಂಜರ್ ಪ್ರತಿಷ್ಠಾನ ಎಂಬ ಮನೋವೈದ್ಯಕೀಯ ಸಂಸ್ಥೆಯಲ್ಲಿ ಪ್ರಯೋಗಕ್ಕೆ ಕುಳಿತಿದ್ದ ಮಹಿಳೆಯೊಬ್ಬರ ಕೈ ಬೆಚ್ಚಗಾಗುತ್ತಿದ್ದಂತೆ ತಲೆನೋವೂ ಇಳಿಯಿತು. ಕೈ ಬೆಚ್ಚಗಾಗಿಸಿ ಅರೆತಲೆನೋವು ತಡೆಯುವ ಈ ವಿಧಾನ ಬೆಳೆದದ್ದು ಅಲ್ಲಿಂದ.

ನಾಲ್ಕು ವಾರ ದಿನಚರಿ ಬರೆದ ನಂತರವೇ ಅಭ್ಯಾಸ ಆರಂಭಿಸಿ. ನೋವಿನ ದಿನ, ತೀವ್ರತೆ, ನುಂಗಿದ ಮಾತ್ರೆ, ನಿದ್ದೆ, ಇಷ್ಟು ಸಾಕು. ಇದಿಲ್ಲದೆ ಗುಣ ಕಂಡಿತೋ ಇಲ್ಲವೋ ಗೊತ್ತಾಗುವುದಿಲ್ಲ.

ತೆಳುವಾದ ತಂತಿಯ ತುದಿಯಲ್ಲಿ ಸಂವೇದಕವಿರುವ, ಡಿಗ್ರಿಯ ಹತ್ತನೇ ಒಂದು ಭಾಗವನ್ನೂ ತೋರಿಸುವ ಥರ್ಮಾಮೀಟರ್ ಬೇಕು. ಜ್ವರ ನೋಡುವುದು ಇದಕ್ಕೆ ಒದಗುವುದಿಲ್ಲ. ಸಂವೇದಕವನ್ನು ನಡುಬೆರಳಿನ ಮೆತ್ತನೆಯ ತುದಿಗೆ ಕಾಗದದ ಟೇಪಿನಿಂದ ಅಂಟಿಸಿ. ನಾನು ಮೊದಲ ವಾರ ಬೆರಳ ಸುತ್ತ ಬಿಗಿಯಾಗಿ ಸುತ್ತಿದ್ದೆ. ರಕ್ತದ ಹರಿವಿಗೇ ತಡೆಯಾಗಿ ಅಂಕಿ ಏರಲೇ ಇಲ್ಲ. ಐದು ನಿಮಿಷ ಸುಮ್ಮನೆ ಕುಳಿತು ಅಂಕಿ ನೆಲೆಗೊಂಡ ಮೇಲೆ ಬರೆದಿಟ್ಟುಕೊಳ್ಳಿ. ಆಮೇಲೆ ಹದಿನೈದು ನಿಮಿಷ, ನಿಮಿಷಕ್ಕೆ ಆರರಷ್ಟು ನಿಧಾನವಾದ ಉಸಿರು, ಮನಸ್ಸಿನಲ್ಲಿ 'ನನ್ನ ಕೈಗಳು ಭಾರವಾಗಿವೆ, ಬೆಚ್ಚಗಿವೆ' ಎಂಬ ಮಾತು. ತಲುಪಬೇಕಾದ ಗುರಿ ಸುಮಾರು 35 ಡಿಗ್ರಿ ಸೆಲ್ಸಿಯಸ್.

ಎಲ್ಲರೂ ಎಡವುವುದು ಇಲ್ಲಿ. ಹಟ ಹಿಡಿದರೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ನಾನು ಹದಿಮೂರು ದಿನ 29ರ ಆಚೀಚೆಯೇ ಇದ್ದೆ. ಹದಿನಾಲ್ಕನೆಯ ದಿನ ಬೇಸತ್ತು ಅಂಕಿ ನೋಡುವುದನ್ನೇ ಬಿಟ್ಟು ಕಣ್ಣು ಮುಚ್ಚಿದೆ; ತೆರೆದಾಗ 33.4! ಅಂದು ನಾನು ಅತ್ತದ್ದು ನೋವಿನಿಂದಲ್ಲ. ಅಂಕಿಯನ್ನು ದಿಟ್ಟಿಸಬೇಡಿ, ಎರಡು ನಿಮಿಷಕ್ಕೊಮ್ಮೆ ನೋಡಿ.

ನೋವಿಲ್ಲದ ದಿನಗಳಲ್ಲೇ ಅಭ್ಯಾಸ ಮಾಡಿ. ಇದು ಮುಖ್ಯವಾಗಿ ತಡೆಯುವ ಉಪಾಯ. ನೋವು ಉಕ್ಕಿದ ಮೇಲೆ ಕಲಿಯಲಾಗದು. ಹಲ್ಲು ಕಚ್ಚುವ, ಭುಜ ಏರಿಸಿಕೊಂಡು ಕೂರುವ ಅಭ್ಯಾಸವಿದ್ದರೆ ಸ್ನಾಯುಗಳ ಬಿಗಿತ ಅಳೆಯುವ ವಿಧಾನವನ್ನು ತರಬೇತಾದವರ ಬಳಿ ಕಲಿಯಿರಿ.

ಇದೇ ಜಾತಿಯ ಇನ್ನೊಂದು ವಿಧಾನ ನ್ಯೂರೋಫೀಡ್‌ಬ್ಯಾಕ್. ಅದರಲ್ಲಿ ನೆತ್ತಿಗೆ ವಿದ್ಯುದ್ವಾರ (ಎಲೆಕ್ಟ್ರೋಡ್) ಅಂಟಿಸಿ ಮಿದುಳಿನ ಅಲೆಗಳನ್ನು ಪರದೆಯ ಮೇಲೆ ತೋರಿಸುತ್ತಾರೆ. ಹಲವು ವಾರಗಳ ಬೈಠಕ್ಕುಗಳು ಬೇಕು, ಖರ್ಚೂ ಹೆಚ್ಚು. ಮೈಗ್ರೇನ್‌ಗೆ ಅದರ ಪುರಾವೆ ಬಯೋಫೀಡ್‌ಬ್ಯಾಕ್‌ನಷ್ಟು ಗಟ್ಟಿಯಾಗಿಲ್ಲ. ಖಂಡಿತ ಗುಣವಾಗುತ್ತದೆ ಎಂದು ಮಾತು ಕೊಡುವವರಿಂದ ದೂರವಿರಿ.

ವೈದ್ಯರು ಮೈಗ್ರೇನ್ ಎಂದು ಖಚಿತಪಡಿಸಿದ ಮೇಲೆ ಮಾತ್ರ ಇದಕ್ಕೆ ಕೈಹಾಕಿ. ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಿಡಿಲಿನಂತೆ ಒಮ್ಮೆಗೇ ಎರಗುವ ನೋವು, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು, ಜ್ವರದೊಂದಿಗೆ ಕುತ್ತಿಗೆ ಸೆಟೆಯುವುದು ಕಂಡರೆ ಥರ್ಮಾಮೀಟರ್ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ಮೂರು ತಿಂಗಳ ನಂತರ ದಿನಚರಿ ತೆಗೆದು ಎಣಿಸಿ. ನನ್ನದರಲ್ಲಿ ತಿಂಗಳಿಗೆ ಒಂಬತ್ತಿದ್ದ ನೋವಿನ ದಿನಗಳು ಐದಾಗಿದ್ದವು.